ವಾರಾನ್ನದಿಂದ ಆರ್‌ಡಿ ನಂಬರಿನವರೆಗೆ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ಬಿಟ್ಟು ಬೆಳಗಾವಿಯ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ತವಂದಿ ಘಾಟು ಬರುತ್ತದೆ. ಆ ಗುಡ್ಡದ ಮಗ್ಗುಲಲ್ಲಿ ಸ್ತವನಿಧಿ ಎಂಬ ಜೈನ ಕ್ಷೇತ್ರವಿದೆ. ಚಿಕ್ಕೋಡಿ, ಅಥಣಿ, ಕಾಗವಾಡ ಭಾಗದ ಒಕ್ಕಲುತನದ ಜೈನ ಮನೆತನಗಳು ತಲೆತಲಾಂತರದಿಂದ ನಡೆದುಕೊಳ್ಳುವ ಜಾಗ ಅದು. 1899ರಲ್ಲಿ ಅಲ್ಲಿ ಸೇರಿದ ಜನ ಒಂದು ಸಂಸ್ಥೆಯನ್ನು ಹುಟ್ಟುಹಾಕಿದರು. ಅದೇ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ. ಬೆಳಗಾವಿ, ಧಾರವಾಡಗಳನ್ನೂ ಒಳಗೊಂಡ ಈ ಸೀಮೆಯನ್ನು ಬ್ರಿಟಿಷರು ಆಗ ದಕ್ಷಿಣ ಮರಾಠಾ ದೇಶವೆಂದೇ ಕರೆಯುತ್ತಿದ್ದರು. ಸಭೆಯ ಹೆಸರೂ ಆ ಕಾಲದ್ದು. ಅದರ ನೆರಳಿಗೆ ಬಂದವರಲ್ಲಿ ಕನ್ನಡ ಮಾತಾಡುವ ರೈತರೂ ಇದ್ದರು, ಮರಾಠಿ ಮಾತಾಡುವವರೂ ಇದ್ದರು.

ಸಭೆ ಮಾಡಿದ ದೊಡ್ಡ ಕೆಲಸ ಹುಡುಗರ ಓದಿನದು. ಪಟ್ಟಣಗಳಲ್ಲಿ ಬೋರ್ಡಿಂಗ್ ನಡೆಸಿತು, ಬಡ ಹುಡುಗರಿಗೆ ಶಿಷ್ಯವೃತ್ತಿ ಕೊಡಲು ಫಂಡು ಕೂಡಿಸಿತು. ಕುರುಂದವಾಡದಲ್ಲಿ 1878ರಲ್ಲಿ ಹುಟ್ಟಿ, ಮುಂದೆ ಕೊಲ್ಹಾಪುರದ ದಿವಾನರೂ 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಯೂ ಆದ ಅಣ್ಣಾಸಾಹೇಬ ಲಠ್ಠೆ ಈ ಸಭೆಯ ಮುಂದಾಳುಗಳಲ್ಲಿ ಒಬ್ಬರು. ಹತ್ತನೆಯ ಇಯತ್ತೆ ಮುಗಿಸಿದ ಮಗನನ್ನು ಮುಂದೆ ಓದಿಸುವುದು ಹೇಗೆಂದು ಇವತ್ತು ಚಿಕ್ಕೋಡಿಯ ಸೈಬರ್ ಅಂಗಡಿಯ ಮುಂದೆ ಸಾಲು ನಿಂತಿರುವ ಅಪ್ಪನಿಗೆ ಗೊತ್ತಿರಲಿಕ್ಕಿಲ್ಲ, ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಅವನ ಊರಿನ ಹತ್ತಿರದ ಗುಡ್ಡದಲ್ಲೇ ನೂರಿಪ್ಪತ್ತೈದು ವರ್ಷಗಳ ಹಿಂದೆ ಶುರುವಾಗಿತ್ತೆಂದು.

ಅದಕ್ಕೂ ಮೊದಲು ಓದುವ ಹುಡುಗನಿಗೆ ಊರು ಕೊಡುತ್ತಿದ್ದದ್ದು ಅನ್ನ. ಹಣದ ಮಾತು ಇರಲಿಲ್ಲ. ಹಳ್ಳಿಯ ಗಾವಠಿ ಶಾಲೆ ಮುಗಿಸಿ ಇಂಗ್ಲಿಷ್ ಶಾಲೆಗೆಂದು ಬೆಳಗಾವಿಗೋ ಧಾರವಾಡಕ್ಕೋ ಕೊಲ್ಹಾಪುರಕ್ಕೋ ಹೋದ ಬಡ ಬ್ರಾಹ್ಮಣ ಹುಡುಗ ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಇದು ವಾರಾನ್ನ. ವಾರ ಸಿಗದವನು ಮನೆಮನೆ ತಿರುಗಿ ಅನ್ನ ಬೇಡುವ ಮಧುಕರಿಗೆ ಹೋಗುತ್ತಿದ್ದ. ಲಿಂಗಾಯತ ಮಠಗಳ ಮರಿಗಳು ಜೋಳಿಗೆ ಹಿಡಿದು ಮನೆಮನೆಯ ಕೋರಾನ್ನ ಭಿಕ್ಷೆ ತಂದು ಮಠದಲ್ಲಿ ಕೂಡಿ ಉಣ್ಣುತ್ತಿದ್ದರು. ಈ ಪದ್ಧತಿಗಳು ಎಷ್ಟೋ ಮಂದಿಯನ್ನು ಪಂಡಿತರನ್ನಾಗಿ ಮಾಡಿದವು, ನಿಜ. ಆದರೆ ಉಣ್ಣುವ ತಾಟು ಜಾತಿಯ ಗೆರೆ ದಾಟುತ್ತಿರಲಿಲ್ಲ. ಒಕ್ಕಲಿಗರ, ಕುರುಬರ, ಮುಸಲ್ಮಾನರ, ಹೊಲೆಯ ಮಾದಿಗರ ಹುಡುಗನಿಗೆ ಪಟ್ಟಣದಲ್ಲಿ ವಾರ ಹಚ್ಚಿಕೊಡುವ ಏಳು ಮನೆ ಎಲ್ಲಿದ್ದವು? ಅವನ ಓದು ಮುಲ್ಕಿ ಪರೀಕ್ಷೆಗೇ ಮುಗಿಯುತ್ತಿತ್ತು. ಬಹಳಷ್ಟು ಸಲ ಅಲ್ಲಿಯತನಕವೂ ಬರುತ್ತಿರಲಿಲ್ಲ.

ಈ ಬೀಗ ಒಡೆಯುವ ಕೆಲಸದಲ್ಲಿ ರಾಯಬಾಗಕ್ಕೆ ಒಂದು ವಿಶೇಷ ಸ್ಥಾನವಿದೆ. ಇವತ್ತಿನ ನಕಾಶೆ ನೋಡಿದವರಿಗೆ ಅದು ಹೊಳೆಯುವುದಿಲ್ಲ. ಚಿಕ್ಕೋಡಿ, ಅಥಣಿ ಮುಂಬಯಿ ಸರಕಾರದ ತಾಲ್ಲೂಕುಗಳಾಗಿದ್ದವು. ಅವುಗಳ ನಡುನಡುವೆ ಸಾಂಗ್ಲಿ, ಮೀರಜ, ಕುರುಂದವಾಡದ ಪಟವರ್ಧನರ ಹಳ್ಳಿಗಳು ಚದುರಿದ್ದವು. ರಾಯಬಾಗ ಮಾತ್ರ ಕೊಲ್ಹಾಪುರ ಸಂಸ್ಥಾನದ ಪೇಟೆ, ಮೂಲ ರಾಜ್ಯದಿಂದ ದೂರ ಬಿದ್ದ ತುಂಡು. 1949ರಲ್ಲಿ ಕೊಲ್ಹಾಪುರ ಮುಂಬಯಿ ರಾಜ್ಯದಲ್ಲಿ ವಿಲೀನವಾಗುವತನಕ ಅಲ್ಲಿಯ ಪ್ರಜೆಗಳ ಅರಸರು ಕೊಲ್ಹಾಪುರದವರು. ಅಂದರೆ ಶಾಹೂ ಮಹಾರಾಜರು ರಾಯಬಾಗದ ಕನ್ನಡಿಗರಿಗೆ ಪರದೇಶದ ರಾಜರಾಗಿರಲಿಲ್ಲ, ಅವರದೇ ಅರಸರು.

ಶಾಹೂ 1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟದ್ದು ಎಲ್ಲರಿಗೂ ತಿಳಿದ ಸಂಗತಿ. ಆದರೆ ನೌಕರಿಗೆ ಮೊದಲು ಓದು ಬೇಕು, ಓದಿಗೆ ಮೊದಲು ಪಟ್ಟಣದಲ್ಲಿ ಮಲಗುವ ಜಾಗ, ಎರಡು ಹೊತ್ತಿನ ಊಟ ಬೇಕು. ಇದನ್ನು ಅವರು ಸರಿಯಾಗಿ ಗುರುತಿಸಿದ್ದರು. 1901ರಿಂದ ಕೊಲ್ಹಾಪುರದಲ್ಲಿ ಒಂದರ ಹಿಂದೊಂದು ಬೋರ್ಡಿಂಗ್ ಎದ್ದವು: ಮರಾಠರಿಗೆ ವಿಕ್ಟೋರಿಯಾ ಬೋರ್ಡಿಂಗ್, ಜೈನರಿಗೆ ದಿಗಂಬರ ಜೈನ ಬೋರ್ಡಿಂಗ್, 1906ರಲ್ಲಿ ಮುಸಲ್ಮಾನರದು, 1907ರಲ್ಲಿ ಲಿಂಗಾಯತರದು, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಜಾತಿಗೊಂದು ಬೋರ್ಡಿಂಗ್ ಯಾಕೆ ಬೇಕಿತ್ತೆಂದು ಇವತ್ತು ಕೇಳುವುದು ಸುಲಭ. ವಾರಾನ್ನದ ತಾಟಿನ ಕತೆ ಗೊತ್ತಿದ್ದವರು ಹಾಗೆ ಕೇಳಲಿಕ್ಕಿಲ್ಲ. ಯಾರಿಗೆ ಯಾರ ಮನೆಯ ಪಡಸಾಲೆಯೂ ತೆರೆದಿರಲಿಲ್ಲವೋ ಅವರಿಗೆ ಮೊದಲು ತಮ್ಮದೆನ್ನುವ ಒಂದು ಪಡಸಾಲೆ ಬೇಕಿತ್ತು.

ಅದಕ್ಕೂ ಮೊದಲೇ ಧಾರವಾಡದ ಕಡೆಯಿಂದ ಇನ್ನೊಂದು ಹೊಳೆ ಹರಿಯತೊಡಗಿತ್ತು. ಡೆಪ್ಯೂಟಿ ಕಲೆಕ್ಟರರಾಗಿದ್ದ ಅರಟಾಳ ರುದ್ರಗೌಡರು ಮತ್ತು ಗಿಲಗಂಚಿ ಗುರುಸಿದ್ದಪ್ಪನವರು ಮುಂದಾಗಿ 1883ರಲ್ಲಿ ಲಿಂಗಾಯತ ಹುಡುಗರ ವಿದ್ಯೆಗಾಗಿ ನಿಧಿಯೊಂದನ್ನು ಕಟ್ಟಿದರು. ಕಾಲೇಜಿಗೆ ಹೋಗುವ ಹುಡುಗನಿಗೆ ಅಲ್ಲಿಂದ ನೆರವು. ಹಾಗೆ ಓದಿ ಮೇಲೆ ಬಂದ ತಲೆಮಾರಿನ ಏಳು ಮಂದಿ ತರುಣ ಶಿಕ್ಷಕರು 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಇಂಗ್ಲಿಷ್ ಶಾಲೆ ತೆರೆದರು. ಅದೇ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯ ಹುಟ್ಟು, ಇಂದಿನ ಕೆಎಲ್ಇ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಆ ಏಳು ಮಂದಿಯನ್ನು ಈ ಭಾಗದ ಜನ ಸಪ್ತರ್ಷಿಗಳೆಂದೇ ಕರೆಯುತ್ತಾರೆ. ಶಾಲೆಗೆ ಅವರು ತಮ್ಮ ಹೆಸರಿಡಲಿಲ್ಲ. ಹಿಂದೆ ನಿಧಿ ಕಟ್ಟಿದ ಆ ಇಬ್ಬರ ನೆನಪಿಗೆ ಅದು ಗಿಲಗಂಚಿ ಅರಟಾಳ ಹೈಸ್ಕೂಲಾಯಿತು. ಶಿಷ್ಯವೃತ್ತಿ ಕೊಟ್ಟವರ ಋಣವನ್ನು ಇಷ್ಟು ಅಚ್ಚುಕಟ್ಟಾಗಿ ತೀರಿಸಿದ ಉದಾಹರಣೆ ಕನ್ನಡ ನಾಡಿನಲ್ಲಿ ಬಹಳ ಇಲ್ಲ.

ಆ ಹೈಸ್ಕೂಲಿನಲ್ಲಿ ಓದಿದವರಲ್ಲಿ ಚಿಕ್ಕೋಡಿ ತಾಲ್ಲೂಕಿನ ಸದಲಗಾದ ಆದಿನಾಥ ನೇಮಿನಾಥ ಉಪಾಧ್ಯೆ ಒಬ್ಬರು. ಹುಟ್ಟಿದ್ದು 1906ರಲ್ಲಿ. ಮುಂದೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತದ ಪ್ರಾಧ್ಯಾಪಕರಾದರು, ಮುಂಬಯಿ ವಿಶ್ವವಿದ್ಯಾಲಯದ ಸ್ಪ್ರಿಂಗರ್ ಸಂಶೋಧನ ಶಿಷ್ಯವೃತ್ತಿ ಪಡೆದರು. ಪ್ರಾಕೃತ ಗ್ರಂಥಗಳ ಸಂಪಾದನೆಯಲ್ಲಿ ಅವರ ಹೆಸರನ್ನು ಜಗತ್ತೇ ಗುರುತಿಸಿತು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ದೂಧಗಂಗೆಯ ದಂಡೆಯ ಊರಿನಿಂದ ಹೊರಟ ಹುಡುಗನ ದಾರಿಯಲ್ಲಿ ಒಂದು ಹೈಸ್ಕೂಲು, ಒಂದು ಕಾಲೇಜು, ಒಂದು ವಿದ್ಯಾರ್ಥಿ ವೇತನ ಹೇಗೆ ಕೈಹಿಡಿದವು ನೋಡಬೇಕು.

ಬೆಳಗಾವಿ ಜಿಲ್ಲೆಯ ಇನ್ನೊಂದು ಹೆಸರು ಶಿರಸಂಗಿ ಲಿಂಗರಾಜ ದೇಸಾಯಿಯವರದು. 1906ರಲ್ಲಿ ತೀರಿಕೊಳ್ಳುವ ಮುಂಚೆ ಅವರು ತಮ್ಮ ದೇಸಗತಿಯ ಆಸ್ತಿಯ ಉತ್ಪನ್ನ ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟರು. ಆಸ್ತಿಯ ಮೇಲೆ ವ್ಯಾಜ್ಯ ನಡೆದು ವರ್ಷಗಳೇ ಕಳೆದರೂ ಕೊನೆಗೆ ನವಲಗುಂದ–ಶಿರಸಂಗಿ ಟ್ರಸ್ಟ್ ಉಳಿಯಿತು, ಹುಡುಗರಿಗೆ ನೆರವು ದೊರೆಯಿತು. 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟರು.

ದೇಸಾಯಿಗಳು ಆಸ್ತಿ ಕೊಟ್ಟರು, ಮಠಗಳು ರೊಟ್ಟಿ ಕೊಟ್ಟವು. ಮಠಗಳ ಈ ಕೆಲಸದ ಬೇರು ಅಥಣಿಯಲ್ಲಿದೆ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು 1921ರಲ್ಲಿ ಲಿಂಗೈಕ್ಯರಾದವರು. ಅವರ ನೆರಳಿನಲ್ಲಿ ಬೆಳೆದ ಮೃತ್ಯುಂಜಯ ಅಪ್ಪಗಳು ಧಾರವಾಡದ ಮುರುಘಾಮಠಕ್ಕೆ ಹೋಗಿ, ಅಲ್ಲಿ ಓದುವ ಬಡ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಅಂಥದೇ ನಿಲಯ ತೆರೆದರು. ಇಂಥ ನಿಲಯಗಳ ಒಲೆ ಉರಿದದ್ದು ಭಕ್ತರ ಜೋಳದಿಂದ. ಸುಗ್ಗಿಯ ಹೊತ್ತಿಗೆ ಹಳ್ಳಿಗಳಿಂದ ಚೀಲಗಟ್ಟಲೆ ಜೋಳ, ಕಾಳು, ಬೆಲ್ಲ ಚಕ್ಕಡಿಯಲ್ಲಿ ಬರುತ್ತಿತ್ತು. ಸ್ವಾಮಿಗಳು ಭಿಕ್ಷೆಗೆ ಹೋದ ಊರಿನಲ್ಲಿ ಜಾಣ ಹುಡುಗ ಕಣ್ಣಿಗೆ ಬಿದ್ದರೆ ಅವನನ್ನೂ ಕರೆತರುವುದಿತ್ತು.

ಈ ಕೊನೆಯ ಮಾತಿನಲ್ಲಿ ಇಡೀ ಇತಿಹಾಸದ ಗುಟ್ಟು ಇದೆ. ಆಗಿನ ನೆರವು ಹುಡುಗನನ್ನು ಹುಡುಕಿಕೊಂಡು ಹೋಗುತ್ತಿತ್ತು. ಹುಡುಗನ ಅಪ್ಪನಿಗೆ ಅರ್ಜಿ ಬರೆಯಲು ಬರುತ್ತಿರಲಿಲ್ಲ, ಇಂಥದೊಂದು ಫಂಡು ಇದೆಯೆಂದೂ ಗೊತ್ತಿರಲಿಲ್ಲ. ನಡುವೆ ಒಬ್ಬ ಮನುಷ್ಯ ಇರುತ್ತಿದ್ದ. ಕನ್ನಡ ಶಾಲೆಯ ಮಾಸ್ತರ, ಮಠದ ಅಯ್ಯನವರು, ಸಭೆಯ ಕಾರ್ಯಕರ್ತ, ಇಲ್ಲವೇ ಮೊದಲೇ ಪಟ್ಟಣ ಕಂಡ ಅಣ್ಣ. ಅಂಬೇಡ್ಕರರ ಬದುಕಿನಲ್ಲೂ ಅಂಥವರೊಬ್ಬರು ಇದ್ದರು. 1907ರಲ್ಲಿ ಅವರು ಮ್ಯಾಟ್ರಿಕ್ ಪಾಸಾದಾಗ ಗುರುತಿಸಿ ಬೆನ್ನು ತಟ್ಟಿದವರು ಕೃಷ್ಣಾಜಿ ಅರ್ಜುನ ಕೆಳೂಸ್ಕರ್ ಎಂಬ ಶಿಕ್ಷಕರು. ಕಾಲೇಜಿನ ಖರ್ಚು ನೀಗದಾದಾಗ ಬರೋಡೆಯ ಸಯಾಜಿರಾವ್ ಗಾಯಕವಾಡರ ತನಕ ಮಾತು ಒಯ್ದವರೂ ಅವರೇ. ತಿಂಗಳಿಗೆ 25 ರೂಪಾಯಿಯ ಆ ವೇತನ ಎಲ್ಫಿನ್‌ಸ್ಟನ್ ಕಾಲೇಜನ್ನು ದಾಟಿಸಿತು. 1913ರಲ್ಲಿ ಬರೋಡೆಯದೇ ಇನ್ನೊಂದು ಶಿಷ್ಯವೃತ್ತಿ ಅವರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿತು.

ಹಾಗೆ ಓದಿ ಬಂದ ಅಂಬೇಡ್ಕರರು 1925ರ ಏಪ್ರಿಲಿನಲ್ಲಿ ನಿಪ್ಪಾಣಿಗೆ ಬಂದರು. ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತು ಅಲ್ಲಿ ಸೇರಿತ್ತು, ಅಧ್ಯಕ್ಷರು ಅವರು. ಹಿಂದಿನ ವರ್ಷವಷ್ಟೇ ಅವರು ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದ್ದರು, ಸಭೆ ಸೋಲಾಪುರದಲ್ಲಿ ಹುಡುಗರಿಗೆ ವಸತಿಗೃಹ ತೆರೆದಿತ್ತು. 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿದರು. ಧಾರವಾಡದಲ್ಲಿ ಈ ಕಡೆಯ ದಲಿತ ಹುಡುಗರಿಗಾಗಿ ವಸತಿಗೃಹ ನಡೆಯಿತು. ಅದರ ಮೇಲ್ವಿಚಾರಣೆ ಹೊತ್ತವರು ನಿಪ್ಪಾಣಿಯ ನಂಟಿನ ಬಲವಂತ ಹಣಮಂತರಾವ್ ವರಾಳೆ. ಅಂಬೇಡ್ಕರರ ಒಡನಾಡಿ, ತಮ್ಮ ಒಡನಾಟದ ನೆನಪುಗಳನ್ನು ಮರಾಠಿಯಲ್ಲಿ ಬರೆದಿಟ್ಟವರು. ಅವರ ಮನೆತನದ ಪ್ರಸನ್ನ ಬಿ. ವರಾಳೆ ಹುಟ್ಟಿದ್ದು 1962ರಲ್ಲಿ ನಿಪ್ಪಾಣಿಯಲ್ಲಿ. 2022ರಲ್ಲಿ ಅವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ವಸತಿಗೃಹವೊಂದರ ಲೆಕ್ಕಪುಸ್ತಕದಲ್ಲಿ ಜೋಳ, ಎಣ್ಣೆ, ಸೀಮೆಎಣ್ಣೆಯ ಖರ್ಚು ಮಾತ್ರ ಬರೆಯಲು ಬರುತ್ತದೆ. ಆ ಖರ್ಚಿನಿಂದ ಬೆಳೆದು ಬಂದದ್ದನ್ನು ಬರೆಯಲು ಮೂರು ತಲೆಮಾರು ಬೇಕಾಗುತ್ತದೆ.

ಸರಕಾರ ತಾನಾಗಿ ಕೈಹಾಕಿದ್ದು ನಿಧಾನವಾಗಿ. ಮುಂಬಯಿ ಆಡಳಿತದ ಶಾಲೆಗಳಲ್ಲಿ ಬಡ ಹುಡುಗರಿಗೆ ಫೀ ಮಾಫಿ ಇತ್ತು. ಅದಕ್ಕೆ ‘ನಾದಾರಿ’ ಎನ್ನುತ್ತಿದ್ದರು. ‘ನನಗ ನಾದಾರಿ ಸಿಕ್ಕಿತ್ತು’ ಎಂದು ಹೇಳುವ ಹಿರಿಯರು ಚಿಕ್ಕೋಡಿ, ಅಥಣಿಯ ಮನೆಗಳಲ್ಲಿ ಇತ್ತೀಚಿನವರೆಗೂ ಇದ್ದರು. ಈಗ ಆ ಶಬ್ದವೂ ಅವರೊಂದಿಗೆ ಹೋಗುತ್ತಿದೆ. ಆದರೆ ಫೀ ಮಾಫಿ ಬೇರೆ, ಹೊಟ್ಟೆಗೆ ಹಾಕುವ ವೇತನ ಬೇರೆ. ವೈಸರಾಯರ ಕೌನ್ಸಿಲಿನಲ್ಲಿ ಸದಸ್ಯರಾಗಿದ್ದ ಅಂಬೇಡ್ಕರರ ಒತ್ತಾಯದಿಂದ 1944ರಲ್ಲಿ ಭಾರತ ಸರಕಾರ ಪರಿಶಿಷ್ಟ ಜಾತಿಯ ಹುಡುಗರ ಮ್ಯಾಟ್ರಿಕ್ ನಂತರದ ಓದಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ ಎತ್ತಿಟ್ಟಿತು. ಇಡೀ ದೇಶಕ್ಕೆ ಮೂರು ಲಕ್ಷ. ಇವತ್ತು ಪೋಸ್ಟ್ ಮ್ಯಾಟ್ರಿಕ್ ಎಂದು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಕಾಣುವ ಯೋಜನೆಯ ಮೂಲ ಅದು.

1956ರಲ್ಲಿ ಈ ತಾಲ್ಲೂಕುಗಳು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದವು. ಗಡಿಯ ಗೆರೆ ಎಳೆದರೂ ಹುಡುಗರ ಕಾಲು ಹಳೆಯ ದಾರಿ ಬಿಡಲಿಲ್ಲ. ಕಾಗವಾಡದವರಿಗೆ ಬೆಳಗಾವಿಗಿಂತ ಮೀರಜ ಸಮೀಪ, ನಿಪ್ಪಾಣಿಯವರಿಗೆ ಕೊಲ್ಹಾಪುರ ಸಮೀಪ. ನಿಪ್ಪಾಣಿಯಲ್ಲಿ ಕೆಎಲ್ಇಯ ಜಿ. ಐ. ಬಾಗೇವಾಡಿ ಕಾಲೇಜು ಕರ್ನಾಟಕದ್ದು, ಊರಿಗೆ ಹತ್ತಿಕೊಂಡೇ ಇರುವ ಅರ್ಜುನನಗರದ ದೇವಚಂದ ಕಾಲೇಜು ಮಹಾರಾಷ್ಟ್ರದ್ದು. ಒಂದೇ ಓಣಿಯ ಇಬ್ಬರು ಗೆಳೆಯರು ಎರಡು ರಾಜ್ಯಗಳ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ. ಗಡಿ ದಾಟಿ ಓದಿದವನ ಹೆಸರು ಮಾತ್ರ ಎರಡೂ ಕಡೆ ಒಂದೇ ರೀತಿ ಬರೆಸಿರುವುದಿಲ್ಲ. ಮರಾಠಿ ಶಾಲೆಯ ದಾಖಲೆಯಲ್ಲಿ ಒಂದು ಕಾಗುಣಿತ, ಆಧಾರದಲ್ಲಿ ಇನ್ನೊಂದು. ಒಂದು ಕಡೆ ಅಡ್ಡಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ. ಹಿಂದೆ ಮಾಸ್ತರರು ಇದನ್ನು ಒಂದು ಚೀಟಿ ಬರೆದು ಸರಿಮಾಡುತ್ತಿದ್ದರು. ಇವತ್ತು ಇದೇ ಕಾರಣಕ್ಕೆ ಅರ್ಜಿ ನಿಂತುಹೋಗುತ್ತದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಹುಡುಗರ ಕತೆ. ಬೋರ್ಡಿಂಗು, ಪ್ರಸಾದ ನಿಲಯ, ವಾರಾನ್ನ, ಎಲ್ಲೆಡೆಯೂ ಗಂಡುಮಕ್ಕಳೇ. ಹುಡುಗಿಯರ ಹೆಸರು ಈ ಕತೆಯಲ್ಲಿ ದಟ್ಟವಾಗಿ ಕಾಣಿಸಿಕೊಳ್ಳುವುದು ಬಹಳ ತಡವಾಗಿ. ನಿಪ್ಪಾಣಿಯ ಮಟ್ಟಿಗೆ ಅದರ ಒಂದು ಬಾಗಿಲು ತಂಬಾಕಿನಲ್ಲಿದೆ.

ನಿಪ್ಪಾಣಿ ತಂಬಾಕಿನ ಪೇಟೆ. ವಖಾರಿಗಳಲ್ಲಿ ತಂಬಾಕು ಕುಟ್ಟಿ ಜರಡಿ ಹಿಡಿಯುವವರು ಹೆಂಗಸರು, ಮನೆಯ ಹೊಸ್ತಿಲಲ್ಲಿ ಕುಳಿತು ಬೀಡಿ ಕಟ್ಟುವವರೂ ಹೆಂಗಸರು. ಶಾಲೆಯಿಂದ ಬಂದ ಹುಡುಗಿ ಪಾಟಿಚೀಲ ಇಟ್ಟು ಎಲೆ ಕತ್ತರಿಸಲು ಕೂಡುವುದು ಆ ಓಣಿಗಳ ನಿತ್ಯದ ನೋಟವಾಗಿತ್ತು. 1976ರಲ್ಲಿ ಸಂಸತ್ತು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಮಾಡಿತು. ಬೀಡಿಯ ಮೇಲೆ ಸಣ್ಣದೊಂದು ಕರ, ಆ ಹಣದಿಂದ ಕಾರ್ಮಿಕರಿಗೆ ದವಾಖಾನೆ, ಮನೆ, ಮಕ್ಕಳಿಗೆ ವಿದ್ಯಾರ್ಥಿ ವೇತನ. ತಾಯಿ ಕಟ್ಟಿದ ಬೀಡಿಯ ಪಾಲೇ ಮಗಳ ಫೀ ಆಗಿ ಮರಳುವ ವ್ಯವಸ್ಥೆ ಇದು. ಇದನ್ನು ದಾನವೆನ್ನುವುದು ತಪ್ಪು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಕರ ರದ್ದಾಯಿತು, ವೇತನ ಮಾತ್ರ ಕೇಂದ್ರದ ಬಜೆಟ್ಟಿನ ಹಣದಿಂದ ಮುಂದುವರಿಯಿತು. ಈಗಿನ ದರದಲ್ಲಿ ಪಿಯುಸಿಗೆ ವರ್ಷಕ್ಕೆ 3,000 ರೂಪಾಯಿ, ಪದವಿ ಅಥವಾ ಡಿಪ್ಲೊಮಾಕ್ಕೆ 6,000, ವೃತ್ತಿಶಿಕ್ಷಣಕ್ಕೆ 25,000. ಆದರೆ ತಾಯಿಯ ಕೈಯಲ್ಲಿ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇರಬೇಕು. ಕಾಂಟ್ರಾಕ್ಟುದಾರನ ಲೆಕ್ಕದಲ್ಲಿ ಹೆಸರೇ ಇಲ್ಲದೆ ಕಟ್ಟುವ ಹೆಂಗಸಿಗೆ ಚೀಟಿ ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷ ಬೀಡಿ ಕಟ್ಟಿ ಬೆರಳು ಸವೆದರೂ ಕಾಗದದ ಮೇಲೆ ಅವಳು ಬೀಡಿ ಕಾರ್ಮಿಕಳಲ್ಲ, ಅವಳ ಮಗಳು ಬೀಡಿ ಕಾರ್ಮಿಕಳ ಮಗಳಲ್ಲ. ಇದು ಸಣ್ಣ ಅನ್ಯಾಯವಲ್ಲ.

ಈಗಿನ ಕಾಲದ ಚಿತ್ರ ಬೇರೆ. ನೆರವಿನ ಹೆಸರುಗಳು ಹಿಂದೆಂದಿಗಿಂತ ಹೆಚ್ಚು. ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಕೇಂದ್ರದ ಪ್ರತಿಭಾ ವೇತನ ಎನ್‌ಎಂಎಂಎಸ್ ಗೆದ್ದ ಮಗುವಿಗೆ ಒಂಬತ್ತರಿಂದ ಪಿಯುಸಿ ಮುಗಿಯುವತನಕ ವರ್ಷಕ್ಕೆ 12,000 ರೂಪಾಯಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿಯಲ್ಲಿ ಊಟ ವಸತಿಗೆ ಹತ್ತು ತಿಂಗಳ ನೆರವು. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ ಓದುವ ಹುಡುಗನಿಗೆ 2,500, ಹುಡುಗಿಗೆ 3,000 ಎಂದು ಗೊತ್ತುಮಾಡಿದ್ದರು. ಪದವಿಗೆ 5,000 ಮತ್ತು 5,500. ಹುಡುಗಿಗೆ ಐನೂರು ಹೆಚ್ಚು ಇಟ್ಟದ್ದು ಮೊತ್ತದ ಲೆಕ್ಕದಲ್ಲಿ ಸಣ್ಣದು, ಹಿಂದಿನ ಇತಿಹಾಸ ನೆನೆದವರಿಗೆ ಸಣ್ಣದಲ್ಲ. ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗೆ ಪ್ರೋತ್ಸಾಹಧನವಿದೆ. ದ್ವಿತೀಯ ಪಿಯುಸಿಗೆ ಅದು 20,000.

ವಾರಾನ್ನದ ಹುಡುಗ ಏಳು ಮನೆ ಹುಡುಕುತ್ತಿದ್ದ. ಇಂದಿನ ಹುಡುಗಿ ಏಳು ನಂಬರು ಕೂಡಿಸಬೇಕು. ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮಾಡಿಸಿದರೆ ಅವುಗಳ ಮೇಲೆ ಆರ್‌ಡಿ ಎಂದು ಶುರುವಾಗುವ ನಂಬರು ಬರುತ್ತದೆ. ರಾಜ್ಯದ ಎಸ್‌ಎಸ್‌ಪಿ ವಿದ್ಯಾರ್ಥಿ ವೇತನ ಪೋರ್ಟಲಿನಲ್ಲಿ ಅದನ್ನು ತುಂಬಬೇಕು. ಆಧಾರ್ ಬೇಕು, ಎಸ್ಎಸ್ಎಲ್‌ಸಿ ನೋಂದಣಿ ಸಂಖ್ಯೆ ಬೇಕು, ಕಾಲೇಜಿನ ನೋಂದಣಿ ಬೇಕು, ದಾಖಲೆಗೆ ಕಾಲೇಜಿನಿಂದ ಇ-ದೃಢೀಕರಣ ಆಗಬೇಕು, ರೈತರ ಮಕ್ಕಳಿಗೆ ಅಪ್ಪನ ಫ್ರೂಟ್ಸ್ (ರೈತ ನೋಂದಣಿ) ಗುರುತಿನ ಸಂಖ್ಯೆ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಇದರಲ್ಲಿ ಒಂದು ತಪ್ಪಿದರೆ ಮಂಜೂರಾದ ಹಣವೂ ಖಾತೆಗೆ ಬೀಳುವುದಿಲ್ಲ. ಬೀಡಿ ಕಾರ್ಮಿಕರ ಮಕ್ಕಳದು, ಎನ್‌ಎಂಎಂಎಸ್‌ನದು ಬೇರೆ, ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿ ವೇತನ ಪೋರ್ಟಲಿನಲ್ಲಿ. ಹಣ ನೇರವಾಗಿ ಮಗುವಿನ ಖಾತೆಗೆ ಬರುವುದರಿಂದ ನಡುವೆ ತಿನ್ನುವವರ ಕೈ ತಪ್ಪಿತು. ಇದು ದೊಡ್ಡ ಲಾಭ, ಅಲ್ಲಗಳೆಯುವಂತಿಲ್ಲ. ಆದರೆ ಅದರ ಜೊತೆಗೇ ನಡುವೆ ನಿಂತು ಕೈಹಿಡಿಯುವವನೂ ತಪ್ಪಿಹೋದ. ಕೆಳೂಸ್ಕರರ ಜಾಗದಲ್ಲಿ, ಜೋಳಿಗೆಯ ಸ್ವಾಮಿಗಳ ಜಾಗದಲ್ಲಿ ಈಗ ಕಂಪ್ಯೂಟರಿನ ತೆರೆಯೊಂದಿದೆ. ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಊರೊಳಗೆ ಬಂದು ಯಾರ ಮನೆಯಲ್ಲಿ ಜಾಣ ಮಗುವಿದೆ ಎಂದು ಕೇಳುವುದಿಲ್ಲ.

ಸ್ತವನಿಧಿಯಲ್ಲಿ ಹುಟ್ಟಿದ ಸಭೆ ಇನ್ನೂ ಶಿಷ್ಯವೃತ್ತಿ ಕೊಡುತ್ತಿದೆ. ನಾಗನೂರು ಮಠದ ನಿಲಯದಲ್ಲಿ ಇನ್ನೂ ಒಲೆ ಉರಿಯುತ್ತಿದೆ. ಹಳೆಯ ಬೇರು ಒಣಗಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೈಸ್ಕೂಲು ಮತ್ತು ಪಿಯು ಕಾಲೇಜುಗಳ ಮಾಸ್ತರರಲ್ಲಿ, ಅಕ್ಕೋರುಗಳಲ್ಲಿ, ಮೊದಲೇ ಓದಿ ನೌಕರಿ ಹಿಡಿದ ಅಣ್ಣ ಅಕ್ಕಂದಿರಲ್ಲಿ ಒಂದು ಕೋರಿಕೆ. ಫಲಿತಾಂಶ ಬಂದ ವಾರದಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು ಬೀಡಿ ಕಟ್ಟುವ ಓಣಿಗೆ ಹೋಗಿ, ಕಬ್ಬು ಕಡಿಯುವವರ ಓಣಿಗೆ ಹೋಗಿ. ಆದಾಯದ ಪತ್ರಕ್ಕೆ ಐದು ವರ್ಷದ ಅವಧಿ ಇರುತ್ತದೆ, ಅದು ಮುಗಿದಿದೆಯೇ ನೋಡಿ. ತಾಯಿಯ ಕಾರ್ಡು ಇದೆಯೇ, ಆಧಾರದ ಹೆಸರೂ ಮಾರ್ಕ್ಸ್ ಕಾರ್ಡಿನ ಹೆಸರೂ ಒಂದೇ ಇದೆಯೇ ನೋಡಿ. ಬಾಗಿಲಲ್ಲಿ ನಿಂತ ಹುಡುಗಿಯನ್ನು ಕೇಳಿ: ‘ಕಾಗದಾ ಎಲ್ಲಾ ಆಗ್ಯಾವೇನವಾ? ಅರ್ಜಿ ಹಾಕೀಯೇನ?’